ಕುಕ್ಕರಿನಲ್ಲಿ ಬೆಂದ ಅಂಗಿ

ಸುರಪುರದ ನಮ್ಮ ಸೋದರಮಾವನ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ದಯವಿಟ್ಟು ಕೈ ತೊಳೆದುಕೊಂಡು ಊಟಕ್ಕೆ ಕೂರಬೇಡಿ. ಒಳಗೆ ಬೇಯುತ್ತಿರುವುದು ತೊಗರಿಬೇಳೆಯಲ್ಲ, ಮಾಮನ ಅಂಗಿ! ಮೂರು ಸೀಟಿಗೆ ತೋಳು ಬೇಯುತ್ತದೆ, ಕಾಲರ್‌ಗೆ ಆರು ಬೇಕು ಎಂದು ನಾವು ಆಡಿಕೊಳ್ಳುತ್ತೇವೆ. ಅವನಿಗೇನೂ ಬೇಜಾರಿಲ್ಲ.

ಮಾಮ ನಲವತ್ತು ವರ್ಷ ದರ್ಜಿಯ ಕೆಲಸ ಮಾಡಿದವನು. ಬೇರೆ ದರ್ಜಿಗಳು ಗಿರಾಕಿಯ ಎದೆ, ಸೊಂಟ ಅಳೆದರೆ ಇವನು ಬಟ್ಟೆಯ ಬಾಯಾರಿಕೆ ಅಳೆಯುತ್ತಾನೆ. ಎದುರಿಗೆ ಯಾರೇ ಕೂತಿರಲಿ, ಲೋಟದಲ್ಲಿ ಬೆರಳದ್ದಿ ಅವರ ಬಟ್ಟೆಯ ಮೇಲೆ ಒಂದು ಹನಿ ಬಿಟ್ಟೇಬಿಡುತ್ತಾನೆ! ಹತ್ತಿಯಾದರೆ ಹನಿ ಥಟ್ಟನೆ ಮಾಯ. ಟೆರಿಲಿನ್ನಿನಂಥ ಪಾಲಿಯೆಸ್ಟರ್ ಬಟ್ಟೆಯಾದರೆ ಅದು ಮಣಿಯಂತೆ ದುಂಡಗೆ ಕೂತಿರುತ್ತದೆ. ಶಹಾಪುರದಲ್ಲಿ ನನ್ನ ತಂಗಿಯ ನಿಶ್ಚಿತಾರ್ಥದ ದಿನ ಬೀಗರು ತಮ್ಮ ರೇಷ್ಮೆ ಜುಬ್ಬಾದ ಬಗ್ಗೆ ಎರಡು ಮಾತು ಜಾಸ್ತಿ ಆಡಿದರು. ಮಾಮ ಸುಮ್ಮನಿರುವ ಪೈಕಿಯೇ? ಹನಿ ಬಿಟ್ಟ. ಅದು ಭುಜದಿಂದ ಮೊಣಕೈವರೆಗೆ ಜಾರಿಕೊಂಡು ಹೋಯಿತು. ಇದು ನೀರು ಕುಡಿಯುವುದಿಲ್ಲ, ರೇಷ್ಮೆಯಲ್ಲ ಎಂದು ತುಂಬಿದ ಸಭೆಯಲ್ಲಿ ತೀರ್ಪು ಕೊಟ್ಟ. ಅವತ್ತು ಬೀಗರೂ ನಮ್ಮ ಮನೆಯ ಚಹಾ ಕುಡಿಯಲಿಲ್ಲ.

ಆದರೆ ಅದೇ ಹನಿಗೆ ಸಾಬೂನು ಹಚ್ಚಿದ ಬೆರಳು ತಾಕಿಸಿದರೆ ನೋಡಬೇಕು! ಅಷ್ಟು ಹೊತ್ತು ಮುನಿಸಿಕೊಂಡಿದ್ದ ನೀರು ಅಂಗೈಯಗಲ ಹರಡಿಕೊಂಡು ಬಟ್ಟೆಯೊಳಗೆ ಇಳಿಯುತ್ತದೆ.

"ಸಬಕಾರ ಅಂದ್ರ ದಲಾಲ ಇದ್ದಂಗಪಾ" ಎಂದು ಮಾಮ ನನಗೆ ತಿಳಿಸಿ ಹೇಳಿದ್ದ. "ಒಂದು ಕೈ ನೀರಿಗಿ ಕೊಡ್ತದ, ಒಂದು ಕೈ ಬಟ್ಟಿಗಿ. ಯಾದಗಿರಿ ಅಡತಿ ಅಂಗಡ್ಯಾಗ ನೋಡಿಲ್ಲೇನು?"

ಈ ಚೇಷ್ಟೆಗೆ ಒಂದು ನಿಜವಾದ ಕೆಲಸ ಬಿದ್ದದ್ದು ಹೋದ ವರ್ಷ. ಮಾಮನ ಹೆಂಡತಿ, ನಮ್ಮ ಅತ್ತೆಯ ಕಣ್ಣು ಮಂಜಾಗುತ್ತಾ ಬಂತು. ಹೋದ ದೃಷ್ಟಿ ಮರಳುವುದಿಲ್ಲ, ಇದ್ದದ್ದರಲ್ಲೇ ಸಂಭಾಳಿಸಬೇಕು ಎಂದು ಡಾಕ್ಟರು ಹೇಳಿಬಿಟ್ಟರು. ಅವಳಿಗೆ ಈಗ ಚೆನ್ನಾಗಿ ಕಾಣುವುದು ಕಡು ಹಳದಿಯೊಂದೇ. ಮಾಮನ ಅಂಗಿಗಳೋ, ಎಲ್ಲವೂ ಬಿಳಿ ಟೆರಿಲಿನ್. ಮನೆಯ ಗೋಡೆಗೂ ಬಿಳಿ ಸುಣ್ಣ. ಒಂದು ಮಧ್ಯಾಹ್ನ ಮಾಮ ಬಾಗಿಲಲ್ಲಿ ನಿಂತಾಗ ಅತ್ತೆ ಸೆರಗು ತಲೆಗೆಳೆದುಕೊಂಡು, "ಯಾರ್ರಿ? ಅವ್ರು ಮನ್ಯಾಗಿಲ್ರಿ, ಆಮ್ಯಾಲ ಬರ್ರಿ" ಅಂದಳು.

ನಾವು ನಕ್ಕೆವು, ಮಾಮನೂ ನಕ್ಕ. ಮರುದಿನವೂ ಅವಳು ಹಾಗೇ ಕೇಳಿದಾಗ ಯಾರಿಗೂ ನಗು ಬರಲಿಲ್ಲ.

ಬಜಾರಿನಲ್ಲಿ ನಾಲ್ಕು ಹಳದಿ ಅಂಗಿ ತಂದರೆ ಮುಗಿಯಿತಲ್ಲ ಎಂದು ನಾನು ಕೇಳಿದೆ. ಮಾಮ ನನ್ನನ್ನು ಪೆದ್ದನಂತೆ ನೋಡಿದ. ಆ ಅಂಗಿಗಳ ಕಾಜಾ, ಗುಂಡಿ ಎಲ್ಲ ಅತ್ತೆಯ ಕೈಯಿಂದ ಆದವು. ಒಣಗಿದ ಬಟ್ಟೆಯ ರಾಶಿಯಲ್ಲಿ ಕೈಯಾಡಿಸಿದರೆ ಸಾಕು, ಗಂಡನ ಅಂಗಿ ಯಾವುದೆಂದು ಅವಳ ಬೆರಳಿಗೆ ತಿಳಿಯುತ್ತದೆ. ಕಣ್ಣಿಗಾಗಿ ಬೆರಳಿನ ಗುರುತನ್ನೂ ಕಳೆಯಬೇಕೇ? ಹಳೆಯ ಅಂಗಿಗೇ ಬಣ್ಣ ಹಾಕಬೇಕು ಎಂದು ಅವನು ಹಟ ಹಿಡಿದ.

ಟೆರಿಲಿನ್ ಅಷ್ಟು ಸುಲಭಕ್ಕೆ ಬಗ್ಗುತ್ತದೆಯೇ? ಸಂತೆಯ ಬಣ್ಣದ ಪುಡಿಯನ್ನು ಬಿಸಿನೀರಿಗೆ ಹಾಕಿ ಅದ್ದಿದ್ದಾಯಿತು. ಮಾಮನ ಕೈ ಎಂಟು ದಿನ ಹಳದಿಯಾಗಿತ್ತು, ಅಂಗಿ ಮಾತ್ರ ಬೆಳ್ಳಗೇ ಇತ್ತು! ಕೊನೆಗೆ ಶಹಾಪುರದಲ್ಲಿ ಬಣ್ಣ ಹಾಕುವ ಚಾಚಾ ಒಬ್ಬರು ಟೆರಿಲಿನ್ನಿನ ಪುಡಿಯೇ ಬೇರೆ ಎಂದು ಒಂದು ಪೊಟ್ಟಣ ಕೊಟ್ಟು, ಸಾಧಾರಣ ಕುದಿತ ಇದಕ್ಕೆ ಸಾಲದು ಎಂದರು. ಈ ನೂಲು ಬಾಗಿಲು ಜಡಿದುಕೊಂಡ ಮನೆಯಂತೆ, ಬಿಸಿ ಜೋರಾದರೇ ಅದು ಸಡಿಲವಾಗಿ ಬಣ್ಣವನ್ನು ಒಳಗೆ ಬಿಡುವುದಂತೆ. ಮಾಮನಿಗೆ ಕುಕ್ಕರ್ ಹೊಳೆದದ್ದು ಬಸ್ಸಿನಲ್ಲಿ ವಾಪಸು ಬರುವಾಗ. ಅಂದಿನಿಂದ ಆ ಮನೆಯ ಬೇಳೆ ಪಾತೆಲೆಯಲ್ಲಿ ಬೇಯುತ್ತಿದೆ.

ಪುಡಿ ನೀರಿನಲ್ಲಿ ಕರಗದೆ ತೇಲಿತು. ದಲಾಲನನ್ನು ಕರೆಯಲೇಬೇಕಲ್ಲ! ಚಾಚಾ ನಾಲ್ಕು ಹನಿ ಸಾಬೂನು ನೀರು ಎಂದಿದ್ದರು. ಅತ್ತೆಯ ವಿಷಯದಲ್ಲಿ ಜಿಪುಣತನವೇಕೆ ಎಂದು ಮಾಮ ಎರಡು ಹಿಡಿ ಸಾಬೂನು ಪುಡಿಯನ್ನೇ ಸುರಿದ. ಆರು ಸೀಟಿ ಆಗುವಷ್ಟರಲ್ಲಿ ನೊರೆ ಸೀಟಿಯ ತೂತಿನಿಂದ ಚಾವಣಿ ಮುಟ್ಟಿತು. ತೆರೆದು ನೋಡಿದರೆ ನೀರು ಅಪ್ಪಟ ಹಳದಿ, ಅಂಗಿ ಹುಳಿ ಮಜ್ಜಿಗೆಯ ಬಣ್ಣ.

ಮಾಮ ಆ ನೀರನ್ನು ಬಕೆಟ್ಟಿಗೆ ಸುರಿದು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತ. ಆಮೇಲೆ ಮೆಲ್ಲಗೆ, "ದಲಾಲನೇ ಮಾಲು ಇಟ್ಕೊಂಡು ಕುಂತಾನಲ್ಲೋ" ಅಂದ. ಸಾಬೂನು ಅತಿಯಾದರೆ ಅದು ಬಣ್ಣವನ್ನು ತನ್ನ ತೆಕ್ಕೆಯಲ್ಲೇ ಹಿಡಿದು ನೀರಿನಲ್ಲಿ ಉಳಿಸಿಕೊಳ್ಳುತ್ತದೆ, ಬಟ್ಟೆಗೆ ಬಿಟ್ಟುಕೊಡುವುದಿಲ್ಲ. ಇದನ್ನು ಅವನಿಗೆ ಯಾವ ಕಾಲೇಜೂ ಕಲಿಸಿರಲಿಲ್ಲ.

ಮರುದಿನ ನಾಲ್ಕೇ ಹನಿ ಹಾಕಿದ. ಅಂಗಿ ಹೊರಬಂದಾಗ ಬಣ್ಣ ಒಂದು ಕಡೆ ದಟ್ಟ, ಒಂದು ಕಡೆ ತೆಳು. ಆದರೆ ಹಳದಿ ಅಂದರೆ ಹಳದಿ! ಎಷ್ಟು ತೊಳೆದರೂ ಬಿಡಲಿಲ್ಲ. ಒಣಗಿದ ಕೂಡಲೇ ಮಾಮ ಅದನ್ನು ತೊಟ್ಟುಕೊಂಡು ಹೋಗಿ ಬಾಗಿಲಲ್ಲಿ ನಿಂತ. ದನಿಯಿಂದ ಗುರುತು ಹತ್ತಬಾರದೆಂದು ನನಗೂ ಬಾಯಿ ಮುಚ್ಚಿಕೊಳ್ಳಲು ಸನ್ನೆ ಮಾಡಿದ.

ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಿದಳು. ಸೆರಗಿಗೆ ಕೈ ಹೋಗಲಿಲ್ಲ.

"ಅರಿಷಿಣ ಹಚ್ಚಿದ ಮದಿಮಗನಂಗ ಅಲ್ಲೇ ಯಾಕ ನಿಂತೀರಿ?" ಅಂದಳು. "ಒಳಗ ಬರ್ರಿ."

ಊರವರೆಲ್ಲರ ಬಟ್ಟೆಗೆ ತೀರ್ಪು ಕೊಡುವ ನಮ್ಮ ಮಾಮ ಒಳಗೆ ಹೋಗಿ ಅವಳ ಪಕ್ಕದಲ್ಲಿ ಕೂತು, ಮೊರದಲ್ಲಿದ್ದ ಕಲ್ಲುಗಳನ್ನು ಆರಿಸತೊಡಗಿದ.