ಮಾವನ ಸುದ್ದಿ, ಬೀದಿಯ ದಲ್ಲಾಳಿ

ಓದುಗರನ್ನು ಬಾಗಿಲಿನಿಂದಲೇ ವಾಪಸು ಕಳಿಸುವ ಕಲೆಯಲ್ಲಿ ನಮ್ಮ ಸೋದರಮಾವನನ್ನು ಮೀರಿಸುವವರು ಕೊಳ್ಳೇಗಾಲ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಅವರು ನಡೆಸುವುದು ಸುದ್ದಿಯ ವೆಬ್‌ಸೈಟು. ಅದರಲ್ಲಿ ಬರೆಯುವವರು, ಫೋಟೊ ತೆಗೆಯುವವರು, ಜನರಿಂದ ಬೈಸಿಕೊಳ್ಳುವವರು ಎಲ್ಲ ಅವರೊಬ್ಬರೇ. ಬೇರೆ ಸೈಟಿನವರು "ಟ್ರ್ಯಾಕ್ಟರ್ ಹತ್ತಿದವನಿಗೆ ಏನಾಯ್ತು ಗೊತ್ತಾ?" ಎಂದು ಕೇಳಿ ಸುಮ್ಮನಾದರೆ, ಮಾವನ ತಲೆಬರಹ ಹೀಗಿರುತ್ತದೆ: "ಕುಂತೂರಿನ ಬಳಿ ಕಬ್ಬಿನ ಟ್ರ್ಯಾಕ್ಟರ್ ಪಲ್ಟಿ, ಯಾರಿಗೂ ಪೆಟ್ಟಿಲ್ಲ, ಕಬ್ಬನ್ನು ದಾರಿಹೋಕರು ತಿಂದರು." ಇನ್ನು ಒಳಗೆ ಹೋಗಿ ಓದುವುದಕ್ಕೆ ಏನು ಉಳಿಯಿತು?

ಸ್ವಲ್ಪ ಮುಚ್ಚಿಟ್ಟರೆ ಜನ ಒಳಗೆ ಬರುತ್ತಾರಲ್ಲ ಮಾವ ಎಂದು ನಾನೊಮ್ಮೆ ಬುದ್ಧಿ ಹೇಳಲು ಹೋಗಿದ್ದೆ. ಆ ಡ್ರೈವರ್‌ನ ಹೆಂಡತಿಯೇ ಓದುತ್ತಿದ್ದಾಳೆ ಅಂತಿಟ್ಟುಕೋ, ಒಳಗೆ ಹೋಗುವ ತನಕ ಅವಳ ಜೀವ ಏನಾಗಬೇಕು ಎಂದು ಗದರಿದರು. ಕಣ್ಣಾರೆ ನೋಡದೆ ಬರೆಯಬಾರದು ಎನ್ನುವುದು ಅವರ ಇನ್ನೊಂದು ಗೀಳು. ಪಾಲಾರ್ ಹಳ್ಳದಲ್ಲಿ ನೀರು ಬಂದು ಬಸ್ಸು ನಿಂತಿದೆಯೆಂದು ಫೋನು ಬಂದರೆ ಹಳೆಯ ಮೊಪೆಡ್ ಏರಿ, ಬೆಟ್ಟ ಹತ್ತಿ ಇಳಿದು, ಅಲ್ಲಿಗೇ ಹೋಗುವರು. ಅಷ್ಟರಲ್ಲಿ ನೀರು ಇಳಿದಿರುತ್ತಿತ್ತು. ಆಗ "ನೀರು ಇಳಿದಿದೆ" ಎನ್ನುವುದೇ ಸುದ್ದಿ! ಅತ್ತೆಯಂತೂ, ಮದುವೆಗೆ ಮುಂಚೆ ನನ್ನನ್ನು ನೋಡಲು ಎರಡೆರಡು ಸಲ ಬಂದಿದ್ದರು, ಪ್ರೀತಿ ಅಂದುಕೊಂಡೆ, ಖಚಿತ ಮಾಡಿಕೊಳ್ಳುವುದಕ್ಕೆ ಅಂತ ಆಮೇಲೆ ತಿಳಿಯಿತು ಎನ್ನುತ್ತಾರೆ.

ಇಷ್ಟಾದರೂ ಓದುಗರು ಬರುತ್ತಿದ್ದರು. ಯಾರೋ ಫೋನಿನಲ್ಲಿ ಪಾಲಾರ್ ಬಸ್ಸಿನ ಬಗ್ಗೆ ಹುಡುಕಿದರೆ ಮಾವನ ಸೈಟು ಸಿಗುತ್ತಿತ್ತು. ಒತ್ತಿದರೆ ಒಳಗೆ ಬರುತ್ತಿದ್ದರು, ಬಂದವರು ಜಾಹೀರಾತನ್ನೂ ನೋಡುತ್ತಿದ್ದರು. ಆಮೇಲೆ ಕಾಲ ಬದಲಾಯಿತು. ಈಗ ಪ್ರಶ್ನೆ ಹಾಕಿದರೆ ಹುಡುಕುವ ಯಂತ್ರವೇ ಉತ್ತರ ಹೇಳಿಬಿಡುತ್ತದೆ. ಯಾರು ಬರೆದದ್ದು ಎನ್ನುವುದು ಕೆಳಗೆಲ್ಲೋ ಇರುವೆ ಗಾತ್ರದ ಅಕ್ಷರದಲ್ಲಿ ಇರುತ್ತದೆ. ಸೈಟಿಗೆ ಬರುವ ದಾರಿಯಲ್ಲಿ ಹುಲ್ಲು ಬೆಳೆಯಿತು.

"ಮೊದ್ಲು ದಲ್ಲಾಳಿ ಗಿರಾಕಿನ ನಮ್ ಅಂಗ್ಡಿ ಬಾಗ್ಲು ಗಂಟ ಕರ್ಕಂಡು ಬತ್ತಿದ್ದ ಕಣ್ಲಾ," ಎಂದರು ಮಾವ. "ಈಗ ನಮ್ ಮಾಲ ಎತ್ಕಂಡೋಗಿ ಬೀದೀಲಿ ನಿಂತ್ಕಂಡು ಅವ್ನೇ ಅಂಚ್ತಾವ್ನೆ."

ಯಳಂದೂರಿನ ಹೋಟೆಲಿನಲ್ಲಿ ಪಕ್ಕದ ಟೇಬಲ್ಲಿನವರೊಬ್ಬರು, ಮಾವ ಹಿಂದಿನ ದಿನವಷ್ಟೇ ಮಳೆಯಲ್ಲಿ ನೆನೆದು ನಡುಗಿ ತಂದ ಸುದ್ದಿಯನ್ನು ಫೋನಿನಿಂದ ಮಾವನಿಗೇ ಓದಿ ಹೇಳಿದರು. ಇದನ್ನು ಬರೆದವರಾರು ಎಂದು ಮಾವ ಕೇಳಿದ್ದಕ್ಕೆ ಯಾರೂ ಬರೆದಿಲ್ಲ ಸಾ, ಫೋನಿನಲ್ಲೇ ಬರುತ್ತದೆ ಎಂದರಂತೆ. ನೀವೂ ಇಂಥದ್ದೊಂದು ತಗೊಳ್ಳಿ, ಈ ವಯಸ್ಸಿನಲ್ಲಿ ಅಲೆಯೋದು ತಪ್ಪುತ್ತದೆ ಎಂಬ ಸಲಹೆ ಬೇರೆ! ಮನೆಗೆ ಬಂದು ಅವರೇ ಇದನ್ನು ಹೇಳಿಕೊಂಡು ನಕ್ಕರು. ನಾವೂ ನಕ್ಕೆವು. ಅದೇ ಕೊನೆ, ಆಮೇಲೆ ನಗುವಂಥದ್ದೇನೂ ನಡೆಯಲಿಲ್ಲ.

ಲೊಕ್ಕನಹಳ್ಳಿ ಕಡೆ ಪುಟ್ಟಮಾದಪ್ಪ ಎಂಬವರಿದ್ದರು. ಕರುವಿಗೆ ಔಷಧ ತರಲು ಹನೂರಿಗೆ ಬಂದವರು, ಹೊರಡುವ ಮುಂಚೆ ಮಗಳಿಗೆ ಫೋನು ಮಾಡಿ ದಾರಿಯಲ್ಲಿ ಆನೆ ಇದೆಯೇ ನೋಡು ಎಂದರು. ಕಾಲೇಜಿಗೆ ಹೋಗುವ ಹುಡುಗಿ, ಫೋನನ್ನು ಕೇಳಿದಳು. ಆನೆಗಳು ಕಾಡಿಗೆ ಮರಳಿವೆ, ರಸ್ತೆ ಮುಕ್ತವಾಗಿದೆ ಎಂದು ಉತ್ತರ ಬಂತು. ಬಾ ಅಪ್ಪ, ಏನೂ ಇಲ್ಲ ಎಂದಳು. ಮುಸ್ಸಂಜೆಯಲ್ಲಿ ರಸ್ತೆಯ ತಿರುವಿನಲ್ಲಿ ಆನೆ ನಿಂತಿತ್ತು. ಪುಟ್ಟಮಾದಪ್ಪ ಮನೆ ತಲುಪಲಿಲ್ಲ.

ಮಾರನೆಯ ದಿನ ಸುದ್ದಿಗೆಂದು ಹೋದ ಮಾವನಿಗೆ ಆ ಹುಡುಗಿ ಫೋನಿನ ಆ ಉತ್ತರ ತೋರಿಸಿದಳು. ವಾಕ್ಯ ಮಾವನದೇ. ಹಿಂದಿನ ವರ್ಷ ಬರೆದದ್ದು. ಆನೆ ಮತ್ತೆ ಬಂದಿದೆ ಎಂದು ದುರಂತದ ದಿನ ಬೆಳಗ್ಗೆಯೇ ಅವರು ಹೊಸ ಸುದ್ದಿ ಹಾಕಿದ್ದರು. ಯಂತ್ರ ಅದನ್ನು ಬಿಟ್ಟು, ತಾರೀಕು ಕಳಚಿ, ಹಳೆಯದನ್ನು ಬಡಿಸಿತ್ತು.

ಮಾವ ಜಗುಲಿಯ ಮೇಲೆ ಅವಳೆದುರು ಕೂತರು.

"ತಪ್ಪು ನಿಂದಲ್ಲ ಕಣವ್ವ. ಆ ಮಾತು ನಂದು, ಓದ್ ವರ್ಸದ್ದು. ನಿಂಗೆ ಅಂಗಂತ ಯಾರೂ ಯೋಳ್ನಿಲ್ಲ."

"ಬಾ ಅಂದೋಳು ನಾನಲ್ವ ಸಾ?" ಎಂದಳು ಹುಡುಗಿ.

ಮಾವ ಸುದ್ದಿ ಬರೆಯದೆ ಬಂದುಬಿಟ್ಟರು. ಹುಡುಕುವ ಕಂಪನಿಗೆ ನಡೆದದ್ದನ್ನೆಲ್ಲ ವಿವರಿಸಿ ದೂರು ಕಳಿಸಿದರು. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ಆ ಕ್ಷಣವೇ ಉತ್ತರ ಬಂತು. ಒಬ್ಬ ಮನುಷ್ಯ ಓದಿ ಮುಗಿಸುವಷ್ಟು ಹೊತ್ತೂ ಆಗಿರಲಿಲ್ಲ. ಅವತ್ತಿನಿಂದ ಮಾವ ಬರೆಯುವುದನ್ನು ಬಿಟ್ಟರು. ಊಟಕ್ಕೆ ಕೂತು ತಟ್ಟೆ ನೋಡುತ್ತಿದ್ದರು. ಬರೆಯದಿದ್ದರೆ ಯಾರೂ ಸಾಯುವುದಿಲ್ಲವಲ್ಲ ಎಂದು ಒಂದು ಸಲ ಅತ್ತೆಗೆ ಹೇಳಿದರಂತೆ. ಸೈಟು ಮುಚ್ಚುವ ತೀರ್ಮಾನವೂ ಆಯಿತು.

ಹಾಗಿರುವಾಗ ಆ ಹುಡುಗಿಯಿಂದ ಫೋನು ಬಂತು. ಅಪ್ಪನ ಬಗ್ಗೆ ಹುಡುಕಿದರೆ, ಆನೆ ದಾಳಿಗೆ ಒಬ್ಬ ವ್ಯಕ್ತಿ ಬಲಿ ಎಂದಷ್ಟೇ ತೋರಿಸುತ್ತದಂತೆ.

"ನಮ್ಮಪ್ಪ ಒಬ್ಬ ವ್ಯಕ್ತಿ ಅಲ್ಲ ಸಾ," ಎಂದಳು. "ನೀವು ಬರೀರಿ."

ಮಾವ ಹೋದರು. ಇಡೀ ಹಗಲು ಅವರ ಮನೆಯಲ್ಲಿ ಕೂತು ತಾಯಿಯನ್ನೂ ಮಗಳನ್ನೂ ಕೇಳಿ ಬಂದು ಬರೆದರು. ಪುಟ್ಟಮಾದಪ್ಪ ಹಾಲು ಕರೆಯುವಾಗ ಹಸುವಿನ ಜೊತೆ ಮನೆಯ ಕಷ್ಟಸುಖ ಮಾತಾಡುತ್ತಿದ್ದದ್ದು, ತಮಾಷೆ ಹೇಳುವ ಮೊದಲೇ ತಾವೇ ನಕ್ಕುಬಿಡುತ್ತಿದ್ದದ್ದು, ಮಗಳ ಕಾಲೇಜು ಬಸ್ಸು ಕಣ್ಮರೆಯಾಗುವ ತನಕ ರಸ್ತೆಯಲ್ಲೇ ನಿಂತಿರುತ್ತಿದ್ದದ್ದು, ಎಲ್ಲ.

ಎಂದಿನಂತೆ ಓದಲು ಹೆಚ್ಚು ಜನ ಬರಲಿಲ್ಲ. ಎರಡು ದಿನ ಬಿಟ್ಟು ಹುಡುಗಿಯೇ ಮತ್ತೆ ಫೋನು ಮಾಡಿದಳು. ನಾನು ಅಲ್ಲೇ ಇದ್ದೆ. ಬರಹದಲ್ಲಿ ಒಂದು ತಪ್ಪಾಗಿದೆಯಂತೆ, ಹಸುವಿನ ಹೆಸರು ಗೌರಿಯಲ್ಲ, ಗಂಗೆ. ಮಾವ ಕೂಡಲೇ ತಿದ್ದಿದರು. ಆಮೇಲೆ ಅವಳು, ಅವ್ವನಿಗೆ ಓದಲು ಬರುವುದಿಲ್ಲ, ನಾನು ಓದಲು ಹೋದರೆ ಎರಡನೇ ಸಾಲು ದಾಟುವುದಿಲ್ಲ, ನೀವೇ ಓದಿ ಹೇಳುತ್ತೀರಾ ಎಂದು ಕೇಳಿದಳು.

ಮಾವ ಕನ್ನಡಕ ಹಾಕಿಕೊಂಡು, ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು, ಮೊದಲಿನಿಂದ ನಿಧಾನವಾಗಿ ಓದತೊಡಗಿದರು. ಗಂಗೆಯ ಹೆಸರು ಬಂದಾಗ ಆ ಕಡೆಯಿಂದ ತಾಯಿ ಬಿಕ್ಕಿದ್ದು ಕೇಳಿಸಿತು. ಮಾವ ನಿಲ್ಲಿಸಿದರು.

"ಓದಿ ಸಾ," ಎಂದಿತು ಆ ದನಿ. "ಇನ್ನೂ ವಸಿ ಓದಿ."

ಅಡುಗೆಮನೆಯಲ್ಲಿ ಅತ್ತೆ ಕೇಳಿಸಿಕೊಳ್ಳಲೆಂದು ಮಿಕ್ಸಿ ನಿಲ್ಲಿಸಿದರು.