ಭಾವನ ಗುಳಿಗೆ, ಮಾಸ್ತರರ ಫಾರ್ಮು

ಈ ಸಂಗತಿಯನ್ನು ಮೊದಲು ನನಗೆ ಹೇಳಿದವರು ನಮ್ಮ ಅಕ್ಕನ ಗಂಡ, ರಾಣೇಬೆನ್ನೂರಿನ ದರ್ಜಿ. ನಡೆದದ್ದೆಲ್ಲ ಅವರಿಗೇ, ನಕ್ಕವರಲ್ಲಿಯೂ ಅವರೇ ಮೊದಲಿಗರು. ಸರಳವಾಗಿ ಮುಗಿಯಬೇಕಾದ ಕೆಲಸ ಭಾವನ ಕೈಗೆ ಬಂತೆಂದರೆ ಕಥೆಯಾಗಿಯೇ ಹೊರಬೀಳುತ್ತಿತ್ತು.

೧. ಒಂದು ತಿಂಗಳ ಮಟ್ಟಿಗೆ

ಭಾವನಿಗೆ ಮನಸ್ಸಿನ ಕಾಯಿಲೆ ಇತ್ತು. ಅವರು ಅದನ್ನು ಮುಚ್ಚಿಟ್ಟವರಲ್ಲ. ಒಮ್ಮೆ ಅದು ಜೋರಾದಾಗ ಮೂರು ದಿನ ಮಲಗದೆ ಗಿರಾಕಿಗಳ ಅಂಗಿಗೆಲ್ಲ ಕಿಸೆ ಹಚ್ಚಿದ್ದರು, ಒಂದೊಂದಕ್ಕೆ ಒಂಬತ್ತೊಂಬತ್ತು. ಧಾರವಾಡದ ಡಾಕ್ಟರು ಕೊಟ್ಟ ಗುಳಿಗೆಯನ್ನು ದಿನಾ ತಪ್ಪದೆ ತಗೊಳ್ಳತೊಡಗಿದ ಮೇಲೆ ಆರು ವರ್ಷ ಅಂಗಿಗೆ ಒಂದೇ ಕಿಸೆ.

ಆಸ್ಪತ್ರೆ ಖರ್ಚಿನ ವಿಮೆ ಆಗ ನಮ್ಮ ಕಡೆ ಹೊಸದು. ಕೈಗೋ ಕಾಲಿಗೋ ಏನಾದರೂ ಆದರೆ ಅಂಗಡಿ ನಿಲ್ಲುತ್ತದೆ ಎಂದು ಭಾವ ವಿಮೆ ಬೇಕೆಂದರು. ಏಜೆಂಟರು ಊರ ಶಾಲೆಯ ಮಾಸ್ತರರೇ. ಭಾವನ ಮನೆಯಲ್ಲಿ ಕೂತು ಫಾರ್ಮು ತುಂಬುತ್ತ, 'ಮಾನಸಿಕ ಕಾಯಿಲೆ ಇದೆಯೇ?' ಎಂಬಲ್ಲಿ ಅವರ ಪೆನ್ನು ನಿಂತಿತು.

"ಇಲ್ಲ ಅಂತ ಬರೀತೇನ್ರಿ."

"ಐತಲ್ರೀ ಮಾಸ್ತರ."

"ಗುಳಿಗಿ ತಗೊಳ್ಳಾಕತ್ತೀರಿ, ಅದಕ್ಕ ಐತಿ. ಒಂದ ತಿಂಗಳ ಬಿಟ್ಟಬಿಡ್ರಿ. ಪಾಲಿಸಿ ಕೈಗೆ ಬಂದಮ್ಯಾಲ ಮತ್ತ ಶುರು ಮಾಡ್ರಿ."

ಒಳಗಿನಿಂದ ಅಕ್ಕ ಬಂದಳು. "ಭಾಳ ಚಲೋ ವಿಚಾರ ಮಾಸ್ತರ. ಆ ಒಂದ ತಿಂಗಳ ಇವರು ನಿಮ್ಮ ಮನ್ಯಾಗ ಇರಲಿ. ಹೊಲಿಯೋ ಮಷೀನೂ ಕಳಸ್ತೇನಿ."

ಮಾಸ್ತರರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

೨. ಬಲಗಡೆಯ ಹೂ

ಆದರೂ ಭಾವನ ಮನಸ್ಸು ತೂಗಾಡತೊಡಗಿತು. ಖರೇ ಬರೆದರೆ ವಿಮೆ ಸಿಗದೇನೋ. ಗುಳಿಗೆ ಬಿಟ್ಟರೆ ಏನಾದೀತೋ. ಕಡೆಗೆ ಶನಿವಾರ ಕದರಮಂಡಲಗಿಯ ಆಂಜನೇಯಸ್ವಾಮಿಗೆ ಹೂ ಕೇಳಲು ಹೊರಟರು. ಮೂರ್ತಿಯ ಮೇಲಿನ ಹೂ ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಇಲ್ಲ. ಅಲ್ಲಿಗೆ ಮಾತ್ರ ನಾನೂ ಹೋಗಿದ್ದೆ. ಮಾಸ್ತರರು ಫಾರ್ಮು ಹಿಡಿದೇ ಬಂದಿದ್ದರು.

"ತಂದೆ, ಖರೇನ ಬರದು, ಗುಳಿಗಿ ತಗೊಂತ ಇರಲೇನು?" ಎಂದರು ಭಾವ. ಹೂ ತಟ್ಟನೆ ಬಲಕ್ಕೆ ಬಿತ್ತು.

"ಹಿಂಗ ಕೇಳಿದ್ರ ಆಗೂದಿಲ್ರಿ," ಎಂದು ಮಾಸ್ತರರು ಮುಂದೆ ಬಂದರು. "ಸ್ವಾಮಿಗೆ ಕಾಯ್ದೆ ತಿಳಿಸಿ ಹೇಳಬೇಕು." ಕೈ ಮುಗಿದು, ನಾಲ್ಕನೇ ಇಯತ್ತೆಯ ಹುಡುಗರಿಗೆ ಪಾಠ ಹೇಳುವಂತೆ ಕಲಂ ಕಲಂ ಬಿಡಿಸಿ ಹೇಳಿದರು. "ಹಿಂಗಿರೋದರಿಂದ, ಒಂದ ತಿಂಗಳ ಗುಳಿಗಿ ಬಿಡಿಸಿ, ಇಲ್ಲ ಅಂತ ಬರೀಲೇನು?"

ಬಹಳ ಹೊತ್ತು ಏನೂ ಬೀಳಲಿಲ್ಲ. ಆಮೇಲೆ ಒಂದಲ್ಲ, ಮೂರು ಹೂ ಎಡಕ್ಕೆ ಬಿದ್ದವು.

ಪೂಜಾರಿ ಹೂ ಎತ್ತಿಕೊಡುತ್ತ ಅಂದ: "ಮಾಸ್ತರ, ಸ್ವಾಮಿ ಫಾರ್ಮು ಪೂರಾ ಓದೇ ಹೇಳ್ಯಾನ ನೋಡ್ರಿ."

೩. ಕುರ್ಚಿ

ಹಾವೇರಿಯ ವಿಮಾ ಕಚೇರಿಗೆ ಭಾವ ಒಬ್ಬರೇ ಹೋದರು. ಸಾಹೇಬರು 'ಇದೆ' ಎಂಬ ಉತ್ತರ ನೋಡಿ ಕನ್ನಡಕ ಏರಿಸಿದರಂತೆ. ಅಲ್ಲಿಯವರೆಗೆ ಹಾಗೆ ಬರೆದವರೇ ಇರಲಿಲ್ಲ.

"ಪಾಲಿಸಿ ಕೊಡಬಹುದು. ಆದ್ರ ಮನಸ್ಸಿನ ರೋಗಕ್ಕ ಏನೂ ಸಿಗೂದಿಲ್ಲ. ಉಳಿದದ್ದಕ್ಕೆಲ್ಲಾ ಸಿಗತೈತಿ."

"ಅಂದ್ರ ನನಗ ಇಲ್ಲದ್ದೆಲ್ಲಾ ನಿಮ್ಮದು, ಇರೋದೊಂದು ನಂದು. ಆಗ್ಲಿ, ಅದನ್ನ ಆರು ವರ್ಷದಿಂದ ನಾನ ನೋಡ್ಕೊಂಡೇನಿ."

ಸಹಿ ಮಾಡಿ ಏಳುವಷ್ಟರಲ್ಲಿ ಸಾಹೇಬರು ಜವಾನನನ್ನು ಚಹಾಕ್ಕೆ ಕಳಿಸಿ, ಬಾಗಿಲು ಓರೆ ಮಾಡಿದರು. "ಫಾರ್ಮಿನ್ಯಾಗ ಬರದೀರಲ್ಲ, ಆ ಧಾರವಾಡದ ಡಾಕ್ಟರು ಯಾವ ವಾರ ಸಿಗ್ತಾರ್ರಿ? ನಮ್ಮ ಪೈಕಿ ಒಬ್ಬರಿಗೆ ಬೇಕಾಗಿತ್ತು. ಎರಡು ತಿಂಗಳಾತು, ಅವರಿಗೆ ನಿದ್ದೀನ ಇಲ್ಲ."

ಭಾವ ಸಾಹೇಬರ ಕಣ್ಣು ನೋಡಿದರು. ಕೆಂಪಗಿದ್ದವು. "ತಡಾ ಮಾಡಬ್ಯಾಡ್ರಿ. ನಾಳೇನ ಹೋಗ್ಲಿ ಅವರು."

"ಹೋಗಬಹುದು… ಆದ್ರ ಅವರೂ ವಿಮಾ ತಗೊಳ್ಳೋರು ಅದಾರ. ಡಾಕ್ಟರ ಹತ್ರ ಹೋದಮ್ಯಾಲ ಫಾರ್ಮಿನ್ಯಾಗ ಏನ ಬರೀಬೇಕ್ರಿ?"

ಭಾವ ಎದ್ದು ನಿಂತರು. "ಸಾಹೇಬರ, ನೀವು ಈ ಕಡೆ ಬರ್ರಿ. ನಾ ಆ ಕುರ್ಚ್ಯಾಗ ಕುಂದರ್ತೇನಿ. ಆಮ್ಯಾಲ ಕೇಳ್ರಿ."

ಮರುದಿನ ಧಾರವಾಡದ ಬಸ್ಸಿನಲ್ಲಿ ಭಾವ, ಸಾಹೇಬರು ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದರಂತೆ.

ಫಾರ್ಮು ಮುಂದಿಟ್ಟುಕೊಂಡು ಗುಳಿಗೆ ಬಿಡಲು ಹೊರಟವರು ನಿಮ್ಮ ಓಣಿಯಲ್ಲಿದ್ದರೆ, ದಯಮಾಡಿ ಇದನ್ನು ಅವರ ಕಿವಿಗೆ ಹಾಕಿರಿ. ನಕ್ಕರೆ ಸಂತೋಷ, ನಕ್ಕು ಗುಳಿಗೆ ನುಂಗಿದರೆ ಇನ್ನೂ ಸಂತೋಷ.