ಏಳರ ಮಗ್ಗಿಗೆ ಗೇಟ್ ಪಾಸ್

ಕಾರ್ಖಾನೆಯ ಗೇಟಿನಲ್ಲಿ ತಮ್ಮ ಒಂದು ಹುಬ್ಬು ಏರಿದರೆ ಸಾಕು, ಲಾರಿಗಳೇ ನಿಂತುಬಿಡುತ್ತವೆ, ಮನೆಯಲ್ಲಿ ಮಾತ್ರ ತಮ್ಮ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ ಅನ್ನುವುದು ಗೇಟ್ ಸೂಪರ್‌ವೈಸರರ ಬಹುಕಾಲದ ಅಳಲು. ಆ ಶುಕ್ರವಾರವಂತೂ ಅಳಲಿಗೆ ಗಟ್ಟಿ ಕಾರಣವೇ ಸಿಕ್ಕಿತ್ತು. ಮಗಳು ಗುಬ್ಬಿಗೆ ಏಳರ ಮಗ್ಗಿ ಬರುತ್ತಿರಲಿಲ್ಲ. ಸೋಮವಾರ ಟೀಚರ್ ಬಾಯಿಪಾಠ ಒಪ್ಪಿಸಲು ಹೇಳಿದ್ದರು. ಹೆಂಡತಿಯೋ, ಗಂಡನನ್ನು ಒಂದು ಮಾತೂ ಕೇಳದೆ ತನ್ನ ಅಕ್ಕನಿಗೆ ಫೋನ್ ಮಾಡಿಬಿಟ್ಟಿದ್ದಳು.

ಈ ಅಕ್ಕ ಅಂದರೆ ಸಾಮಾನ್ಯರಲ್ಲ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ರಿಟೈರ್ ಆದವರು. (ರಿಟೈರ್ ಆದದ್ದು ಸ್ಕೂಲಿಗೆ ಗೊತ್ತು, ಅವರಿಗಿನ್ನೂ ಗೊತ್ತಿಲ್ಲ.) "ಭಾನುವಾರ ಬರ್ತೀನಿ. ಮಗುವಿಗೆ ಮಗ್ಗಿ ಬಂದಿದ್ರೆ ಊಟ ಮಾಡಿ ವಾಪಸ್ಸು. ಇಲ್ಲಾಂದ್ರೆ ವಾರ್ಷಿಕ ಪರೀಕ್ಷೆ ಮುಗಿಯೋವರೆಗೂ ನಿಮ್ಮನೇಲೇ ಇರ್ತೀನಿ" ಅಂದಿದ್ದರಂತೆ.

ಸೂಪರ್‌ವೈಸರರು ಗೋಡೆಯ ಕ್ಯಾಲೆಂಡರ್ ತಿರುವಿ ನೋಡಿದರು. ಪರೀಕ್ಷೆ ಮುಗಿಯುವುದು ಯಾವ ಕಾಲಕ್ಕೆ! ಅತ್ತಿಗೆ ಮನೆಯಲ್ಲಿದ್ದರೆ ಟೀವಿ ಮುಂದೆ ಕಾಲು ಚಾಚುವಂತಿಲ್ಲ, ಬನಿಯನ್ನಿನಲ್ಲಿ ಓಡಾಡುವಂತಿಲ್ಲ, ಗೊರಕೆಯನ್ನೂ ಅಳೆದು ತೂಗಿ ಹೊಡೆಯಬೇಕು.

"ಅತ್ತಿಗೆಗೆ ಯಾಕೆ ತೊಂದರೆ? ನಾನೇನು ಸತ್ತಿದ್ದೀನಾ? ಆಟ ಆಡಿಸ್ತಾ ಆಡಿಸ್ತಾನೇ ಕಲಿಸ್ತೀನಿ ನೋಡು."

"ನಿಮ್ಮ ಆಟ ನೋಡಿದ್ದೀನಲ್ಲ" ಅಂದಳು ಹೆಂಡತಿ.

(ಕುಹಕಕ್ಕೆ ಕಾರಣವಿತ್ತು. ಹೋದ ತಿಂಗಳು ಅಕ್ಷರಗಳ ಸದ್ದು ಕಲಿಸುತ್ತೇನೆಂದು ಈ ಮಹಾಶಯರು ಮನೆಯ ಸಾಮಾನಿಗೆಲ್ಲ ಮೊದಲಕ್ಷರದ ಚೀಟಿ ಅಂಟಿಸಿದ್ದರು. ಬಕೆಟ್ಟಿಗೆ 'ಬ', ಮಂಚಕ್ಕೆ 'ಮ'. ಗುಬ್ಬಿ ಅಪ್ಪನ ಬೆನ್ನಿಗೂ ಒಂದು 'ಅ' ಅಂಟಿಸಿದ್ದಳು. ಅದು ಗೊತ್ತಾಗದೆ ಹಾಗೇ ಡ್ಯೂಟಿಗೆ ಹೋಗಿದ್ದರು. ಇಡೀ ಶಿಫ್ಟು ಅವರ ಹಿಂದೆ 'ಅ... ಅ...' ಅಂತ ರಾಗ ಎಳೆದಿತ್ತು.)

ಶನಿವಾರ ಬೆಳಿಗ್ಗೆಯೇ ರಾಜಾಜ್ಞೆ ಹೊರಬಿತ್ತು. ಇನ್ನು ಮೇಲೆ ಮನೆಯ ಪ್ರತಿ ಬಾಗಿಲೂ ಒಂದು ಗೇಟು. ಗುಬ್ಬಿಯೇ ಗಾರ್ಡು. ಅವಳು ಏಳರ ಮಗ್ಗಿಯಲ್ಲಿ ಒಂದು ಪ್ರಶ್ನೆ ಕೇಳುತ್ತಾಳೆ. ಸರಿ ಉತ್ತರ ಕೊಟ್ಟವರಿಗೆ ಪ್ರವೇಶ, ತಪ್ಪಿದವರು ಹೊರಗೆ. "ಕೇಳಿ ಕೇಳಿಯೇ ಮಗ್ಗಿ ನಾಲಿಗೆ ಮೇಲೆ ಕೂರುತ್ತೆ" ಎಂದು ಸಾರಿ, ಮಗಳ ತಲೆಗೆ ತಮ್ಮ ಹಳೆಯ ಟೋಪಿ ಇಟ್ಟು, ಕೊರಳಿಗೆ ಸೀಟಿ ಹಾಕಿದರು. ಮಗುವನ್ನು ಪಕ್ಕಕ್ಕೆ ಕರೆದು ಗಾರ್ಡ್ ಕೆಲಸದ ಒಳಗುಟ್ಟುಗಳನ್ನೂ ಕಿವಿಯಲ್ಲಿ ಹೇಳಿದರು.

ಮೊದಲ ಬಲಿ ಹೆಂಡತಿ. ಒಲೆಯ ಮೇಲೆ ಹಾಲಿಟ್ಟು, ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಅಡುಗೆಮನೆ ಬಾಗಿಲಲ್ಲಿ ಗಾರ್ಡು ನಿಂತಿದ್ದಳು.

"ಏಳಾರ್ಲ?"

"ಏಳಾರ್ಲ... ತಡಿಯೇ... ಏಳೈದ್ಲ ಮೂವತ್ತೈದು, ಅದಕ್ಕೊಂದು ಏಳು... ನಲವತ್ತೆರಡು."

ಪೀ! "ತಪ್ಪು. ಹಿಂದೆ ಹೋಗು."

"ಸರಿಯಾಗೇ ಇದೆ ಕಣೇ! ಹಾಲು ಉಕ್ತಿದೆ, ಬಿಡೇ! ರೀ, ನೀವಾದ್ರೂ ಹೇಳಿ, ಏಳಾರ್ಲ ನಲವತ್ತೆರಡು ಅಲ್ವಾ?"

ಸೂಪರ್‌ವೈಸರರು ಪೇಪರಿನಿಂದ ತಲೆಯೆತ್ತಲಿಲ್ಲ. (ನಿಜ ಹೇಳಬೇಕೆಂದರೆ ಅವರಿಗೂ ಅದು ಖಚಿತವಿರಲಿಲ್ಲ.) "ಗಾರ್ಡ್ ಹೇಳಿದ್ಮೇಲೆ ಮುಗೀತು. ನಮ್ಮ ಮ್ಯಾನೇಜರೇ ಗೇಟಲ್ಲಿ ವಾದ ಮಾಡಲ್ಲ. ಕುಣಿಯೋಕೆ ಬಾರದವರಿಗೆ ನೆಲ ಡೊಂಕಂತೆ!"

ಹಾಲು ಉಕ್ಕಿ ಒಲೆ ಆರಿತು. ಹೆಂಡತಿ ಹಿತ್ತಲ ಕಿಟಕಿಯಿಂದ ಕೈ ಹಾಕಿ ಗ್ಯಾಸ್ ನಿಲ್ಲಿಸಬೇಕಾಯಿತು. ಆಗಿನಿಂದ ಅವಳು ಗಂಡನ ಜೊತೆ ಮಾತು ಬಿಟ್ಟಳು. ಮಾತು ಬಿಟ್ಟದ್ದು ಸೂಪರ್‌ವೈಸರರಿಗೆ ಮಗ್ಗಿಯ ಇನ್ನೊಂದು ಲಾಭವಾಗಿ ಕಂಡಿತು.

ಅವರಿಗಂತೂ ಎಲ್ಲ ಬಾಗಿಲೂ ತೆರೆದ ಬಾಗಿಲೇ. ಬಚ್ಚಲಮನೆ ಮುಂದೆ "ಏಳೆಂಟ್ಲ?" ಅಂದರೆ "ಐವತ್ನಾಲ್ಕು!" ಅಂತ ಗುಂಡು ಹಾರಿಸುವರು. ಗುಬ್ಬಿ ಸೆಲ್ಯೂಟ್ ಹೊಡೆದು ದಾರಿ ಬಿಡುವಳು. ಒಂದು ಸಲವೂ ಸೀಟಿ ಊದಿಸಿಕೊಂಡವರಲ್ಲ. ತಮ್ಮೊಳಗೆ ಇಂಥ ಗಣಿತಜ್ಞ ಅಡಗಿದ್ದು ಇಷ್ಟು ವರ್ಷ ತಮಗೇ ತಿಳಿಯಲಿಲ್ಲವಲ್ಲ ಎಂದು ಕನ್ನಡಿ ಮುಂದೆ ನಿಂತು ಮೀಸೆ ತಿರುವಿಕೊಂಡರು.

ಭಾನುವಾರ ಅತ್ತಿಗೆ ದೊಡ್ಡ ಸೂಟ್‌ಕೇಸಿನೊಂದಿಗೇ ಬಂದಿಳಿದರು. ಹೊಸ್ತಿಲಲ್ಲೇ ಗುಬ್ಬಿ ಕೈ ಅಡ್ಡ ಹಿಡಿದಳು.

"ಏಳೊಂಬತ್ಲ?"

"ಅರವತ್ಮೂರು."

"ಒಳಗೆ ಬನ್ನಿ ದೊಡ್ಡಮ್ಮ."

ಸೂಪರ್‌ವೈಸರರು ಉಬ್ಬಿಹೋದರು. "ನೋಡಿದ್ರಾ ಅತ್ತಿಗೆ, ಎರಡೇ ದಿನದಲ್ಲಿ! ಸೂಟ್‌ಕೇಸು ಅಲ್ಲೇ ಬಾಗಿಲ ಹತ್ರ ಇರ್ಲಿ ಬಿಡಿ. ಮತ್ತೆ ಹೊರಗೆ ಹೊತ್ಕೊಂಡು ಹೋಗೋ ಕಷ್ಟ ಯಾಕೆ?"

ಅತ್ತಿಗೆ ಕನ್ನಡಕ ಸರಿಮಾಡಿಕೊಂಡರು. "ಗುಬ್ಬೀ, ಈಗ ನೀನು ಹೇಳು. ಏಳ್ಮೂರ್ಲ?"

ಗುಬ್ಬಿಗೆ ಅಚ್ಚರಿಯಾಯಿತು. "ನಾನ್ಯಾಕೆ ಹೇಳ್ಲಿ? ನಾನು ಗಾರ್ಡು. ಗಾರ್ಡು ಕೇಳ್ತಾರೆ, ಹೇಳಲ್ಲ."

"ಮತ್ತೆ ಬೇರೆಯವರು ಹೇಳಿದ್ದು ಸರಿನೋ ತಪ್ಪೋ ನಿಂಗೆ ಹೇಗೆ ಗೊತ್ತಾಗುತ್ತೆ?"

"ಅಯ್ಯೋ, ಅದು ಸುಲಭ! ಟಕ್ ಅಂತ ಹೇಳಿದ್ರೆ ಸರಿ. ಯೋಚನೆ ಮಾಡಿ ಹೇಳಿದ್ರೆ ಕಳ್ಳರು. ಅಪ್ಪ ಫ್ಯಾಕ್ಟ್ರಿ ಗೇಟಲ್ಲಿ ಹಾಗೇ ಹಿಡಿಯೋದಂತೆ. ಅಮ್ಮ ಯಾವಾಗ್ಲೂ ಯೋಚನೆ ಮಾಡ್ತಾಳೆ. ಅಪ್ಪ ಮಾತ್ರ ಜಾಣ. ಏಳೆಂಟ್ಲ ಅಂದ ತಕ್ಷಣ ಐವತ್ನಾಲ್ಕು ಅಂತಾನೆ!"

ನಿನ್ನೆಯಿಂದ ಮಾತು ಬಿಟ್ಟಿದ್ದ ಹೆಂಡತಿ ಅಡುಗೆಮನೆಯಿಂದ ಇಣುಕಿದಳು. ಅತ್ತಿಗೆ ನಿಧಾನವಾಗಿ ತಂಗಿಯ ಗಂಡನ ಕಡೆ ತಿರುಗಿದರು.

"ಏಳೆಂಟ್ಲ ಎಷ್ಟು ಅಂದ್ರಿ?"

ಸೂಪರ್‌ವೈಸರರು ಕೈಯನ್ನು ಬೆನ್ನ ಹಿಂದೆ ಸರಿಸಿ ಬೆರಳು ಮಡಚತೊಡಗಿದರು. ಏಳೈದ್ಲ ಮೂವತ್ತೈದು, ಅದಕ್ಕೊಂದು ಏಳು...

ಪೀ! "ಅಪ್ಪಾ, ಯೋಚನೆ ಮಾಡ್ತಿದ್ದೀಯ! ಹಿಂದೆ ಹೋಗು!"

ಅತ್ತಿಗೆ ಸೂಟ್‌ಕೇಸನ್ನು ಎತ್ತಿ ಅವರ ಕೈಗೇ ಕೊಟ್ಟರು.

"ಒಳಗಿಡಿ. ಗುಬ್ಬಿಗೆ ಪರೀಕ್ಷೆವರೆಗೆ ಸಾಕು. ನಿಮಗೆ ಎಷ್ಟು ದಿನ ಹಿಡಿಯುತ್ತೋ ಹಿಡೀಲಿ, ನಂಗೇನೂ ಆತುರ ಇಲ್ಲ."